ಬ್ಲಾಟನ್: ಊರು ಮಣ್ಣಡಿ, ಪಂಚಾಯಿತಿ ಜೀವಂತ – ಪದೇ ಪದೇ ಕೇಳುವ ಪ್ರಶ್ನೆಗಳು

2025ರ ಮೇ 28ರ ಮಧ್ಯಾಹ್ನದ ಆ ವಿಡಿಯೋ ನೀವೂ ನೋಡಿರಬಹುದು. ಬೆಟ್ಟದ ಮೇಲಿಂದ ಬೂದು ಬಣ್ಣದ ಒಂದು ಗೋಡೆ ಇಳಿದು ಬರುತ್ತದೆ. ಅರೆ ನಿಮಿಷ ಕಳೆಯುವುದರೊಳಗೆ ಕಣಿವೆಯ ತಳ ಕಾಣದಾಗುತ್ತದೆ. ಬಂಡೆ, ಹಿಮ ಕುಸಿದು ಎದ್ದ ಆ ಧೂಳಿನ ಅಡಿಯಲ್ಲಿ ಸ್ವಿಟ್ಜರ್‌ಲ್ಯಾಂಡಿನ ಬ್ಲಾಟನ್ ಎಂಬ ಊರಿತ್ತು. ವಿಡಿಯೋ ನೋಡಿದವರು ಬಹಳ, ಊರಿನ ಬಗ್ಗೆ ಗೊತ್ತಿರುವವರು ಕಡಿಮೆ. ಕೊನೆಯ ಅರೆ ನಿಮಿಷದಿಂದಷ್ಟೇ ಒಂದು ಊರನ್ನು ನೆನಪಿಡುವುದು ನ್ಯಾಯವಲ್ಲ ಅಂತ ನನಗನ್ನಿಸುತ್ತದೆ. ಅದಕ್ಕೇ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಕುಸಿತದ ಕಥೆ ಮಧ್ಯದಲ್ಲಿ ಬರುತ್ತದೆ. ಮೊದಲು ಊರನ್ನು ನೋಡೋಣ.

ಬ್ಲಾಟನ್ ಎಲ್ಲಿದೆ?

ಸ್ವಿಟ್ಜರ್‌ಲ್ಯಾಂಡಿನ ದಕ್ಷಿಣದಲ್ಲಿ, ವಾಲೆ ಎಂಬ ಕ್ಯಾಂಟನ್‌ನಲ್ಲಿದೆ. ಕ್ಯಾಂಟನ್ ಅಂದರೆ ನಮ್ಮ ರಾಜ್ಯಗಳ ಹಾಗೆ, ಆದರೆ ತುಂಬಾ ಚಿಕ್ಕವು. ವಾಲೆಯ ಪಶ್ಚಿಮ ಭಾಗದವರು ಫ್ರೆಂಚ್ ಮಾತಾಡುತ್ತಾರೆ, ಪೂರ್ವದವರು ಜರ್ಮನ್. ಬ್ಲಾಟನ್ ಜರ್ಮನ್ ಭಾಗಕ್ಕೆ ಸೇರಿದ್ದು. ಜರ್ಮನ್ ಮಾತಾಡುವವರು ಈ ಕ್ಯಾಂಟನ್ನನ್ನು ವಾಲಿಸ್ ಅನ್ನುತ್ತಾರೆ.

ಊರಿರುವ ಕಣಿವೆಯ ಹೆಸರು ಲೋಚೆನ್‌ಟಾಲ್. ಉದ್ದ ಸುಮಾರು 27 ಕಿ.ಮೀ. ಲೋನ್ಜಾ ಎಂಬ ಹೊಳೆ ಈ ಕಣಿವೆಯಲ್ಲಿ ಹರಿದು ರೋನ್ ನದಿಗೆ ಸೇರುತ್ತದೆ. ಕೆಳಗಿನಿಂದ ಮೇಲಕ್ಕೆ ಹೋದರೆ ನಾಲ್ಕು ಪಂಚಾಯಿತಿಗಳು ಸಾಲಾಗಿ ಸಿಗುತ್ತವೆ: ಫೆರ್ಡನ್, ಕಿಪ್ಪೆಲ್, ವೀಲರ್, ಬ್ಲಾಟನ್. ಬ್ಲಾಟನ್ ಕೊನೆಯದು. ಅದು ಇದ್ದದ್ದು ಸುಮಾರು 1,540 ಮೀಟರ್ ಎತ್ತರದಲ್ಲಿ. ಅದರಾಚೆ ಕೆಲವು ಹಟ್ಟಿಗಳು, ಹುಲ್ಲುಗಾವಲು, ಆಮೇಲೆ ಹಿಮ.

ಯುಂಗ್‌ಫ್ರಾವ್‌ಯೋಖ್ ಎಂಬ ಹಿಮದ ಪ್ರವಾಸಿ ತಾಣಕ್ಕೆ ಹೋಗಿ ಬಂದ ಕನ್ನಡಿಗರು ಬೇಕಾದಷ್ಟು ಜನ ಇದ್ದಾರೆ. ಅಲ್ಲಿ ನಿಂತು ಕೆಳಗೆ ನೋಡಿದಾಗ ಕಂಡ ದೊಡ್ಡ ಹಿಮನದಿ ಆಲೆಚ್. ಅದರ ಪಶ್ಚಿಮಕ್ಕೆ ಲೋಚೆನ್‌ಲ್ಯೂಕೆ ಎಂಬ ಹಿಮದ ಕಣಿವೆದಾರಿ ಇದೆ. ಅದನ್ನು ದಾಟಿ ಇಳಿದರೆ ಬರುವುದೇ ಈ ಕಣಿವೆ. ಅಂದರೆ ನೀವು ನಿಂತ ಜಾಗಕ್ಕೆ ಬ್ಲಾಟನ್ ಅಷ್ಟೇನೂ ದೂರವಿರಲಿಲ್ಲ. ಪ್ರವಾಸದ ಬಸ್ಸುಗಳು ಈ ಕಡೆ ಬರುವುದು ಅಪರೂಪ, ಅಷ್ಟೆ.

ಬ್ಲಾಟನ್ ಅನ್ನುವ ಊರುಗಳು ಒಂದಕ್ಕಿಂತ ಜಾಸ್ತಿ ಇವೆಯಂತೆ, ಹೌದಾ?

ಹೌದು. ಅದೇ ವಾಲೆಯಲ್ಲಿ, ನಾಟರ್ಸ್ ಪಟ್ಟಣದ ಮೇಲೆ ಇನ್ನೊಂದು ಬ್ಲಾಟನ್ ಇದೆ. ಬೆಲ್‌ಆಲ್ಪ್‌ಗೆ ಹೋಗುವ ಕೇಬಲ್ ಕಾರ್ ಹೊರಡುವುದು ಅಲ್ಲಿಂದ. ಅದಕ್ಕೆ ಏನೂ ಆಗಿಲ್ಲ. ಹೋಟೆಲ್ ಬುಕ್ ಮಾಡುವಾಗ, ನಕ್ಷೆ ನೋಡುವಾಗ ಎರಡೂ ಅದಲು ಬದಲಾಗುತ್ತವೆ, ಜೋಪಾನ. ಬ್ಲಾಟನ್ ಅಂದರೆ ಚಪ್ಪಟೆ ಬಂಡೆ, ಹಾಸುಗಲ್ಲು. ಬೆಟ್ಟದ ನಾಡಿನಲ್ಲಿ ಹಾಸುಗಲ್ಲಿಗೇನು ಬರ, ಅದಕ್ಕೇ ಹೆಸರು ಹಲವು ಕಡೆ ಬಂದಿದೆ.

ಊರು ಎಷ್ಟು ಹಳೆಯದು?

ಕಾಗದದಲ್ಲಿ ಹೆಸರು ಸಿಗುವುದು 1433ರಲ್ಲಿ. ಆದರೆ ಕಣಿವೆಯಲ್ಲಿ ಮನುಷ್ಯರ ಓಡಾಟ ಅದಕ್ಕಿಂತ ಎಷ್ಟೋ ಹಳೆಯದು. ಲೋಚೆನ್‌ಪಾಸ್ ಎಂಬ ಎತ್ತರದ ದಾರಿ ಈ ಕಣಿವೆಯನ್ನು ಉತ್ತರದ ಬರ್ನ್ ಪ್ರದೇಶಕ್ಕೆ ಜೋಡಿಸುತ್ತದೆ. ಆ ದಾರಿಯ ಹಿಮ ಕರಗಿದಾಗ ಕಂಚಿನ ಯುಗದ ಮರದ ಬಿಲ್ಲುಗಳು ಸಿಕ್ಕಿವೆ. ಸುಮಾರು 4,000 ವರ್ಷಗಳ ಹಿಂದೆಯೇ ಯಾರೋ ಬೇಟೆಗೋ ವ್ಯಾಪಾರಕ್ಕೋ ಇಲ್ಲಿ ದಾಟಿ ಹೋಗಿದ್ದರು.

ಮಧ್ಯಯುಗದಲ್ಲಿ ಕಣಿವೆ ಫಾನ್ ಟುರ್ನ್ ಎಂಬ ಪಾಳೆಯಗಾರ ಮನೆತನದ ಕೈಯಲ್ಲಿತ್ತು. 1375ರಲ್ಲಿ ಆ ಮನೆತನದ ಆಂಟೋನ್ ಎಂಬವನ ಜನ ಸಿಯೋನ್‌ನ ಬಿಷಪ್ಪನನ್ನು ಕೋಟೆಯ ಮೇಲಿಂದ ಕೆಳಗೆ ನೂಕಿ ಕೊಂದರು. ಆ ಬಿಷಪ್ ಸುಮ್ನೆ ಒಬ್ಬ ಪಾದ್ರಿಯಲ್ಲ, ವಾಲೆಯ ಆಳರಸ. ಜನ ದಂಗೆ ಎದ್ದು ಟುರ್ನ್ ಮನೆತನವನ್ನೇ ನಾಡಿನಿಂದ ಓಡಿಸಿದರು. ಹಾಗಂತ ಲೋಚೆನ್‌ಟಾಲ್‌ನವರಿಗೆ ಬಿಡುಗಡೆ ಸಿಗಲಿಲ್ಲ. ಮುಂದೆ ಮೇಲಿನ ವಾಲೆಯ ಐದು ಸೀಮೆಗಳು ಕಣಿವೆಯನ್ನು ತಮ್ಮ ಅಧೀನಕ್ಕೆ ತೆಗೆದುಕೊಂಡವು. ಪಕ್ಕದ ಕಣಿವೆಗಳ ರೈತರೇ ಇವರ ಒಡೆಯರಾದರು. ಲೋಚೆನ್‌ಟಾಲ್‌ನವರು ದುಡ್ಡು ಕೊಟ್ಟು ತಮ್ಮನ್ನು ತಾವು ಬಿಡಿಸಿಕೊಂಡಿದ್ದು 1790ರಲ್ಲಿ. ಅಷ್ಟರಲ್ಲಿ ಶತಮಾನಗಳೇ ಕಳೆದಿದ್ದವು. ವಾಲೆ ಸ್ವಿಸ್ ಒಕ್ಕೂಟಕ್ಕೆ ಸೇರಿದ್ದು 1815ರಲ್ಲಿ.

ಈ ಕಥೆಯನ್ನು ಸ್ವಲ್ಪ ಉದ್ದ ಹೇಳಿದ್ದಕ್ಕೆ ಕಾರಣವಿದೆ. ತಮ್ಮ ಊರನ್ನು ತಾವೇ ಆಳಬೇಕು ಅನ್ನುವ ಹಠ ಈ ಜನರಿಗೆ ಮೊನ್ನೆ ಬಂದದ್ದಲ್ಲ.

ಹಿಂದೆ ಜನ ಹೇಗೆ ಬದುಕುತ್ತಿದ್ದರು?

ದನ, ಕುರಿ, ರೈ ಧಾನ್ಯ, ಆಲೂಗಡ್ಡೆ. ಬಿಸಿಲು ಬೀಳುವ ಇಳಿಜಾರಿನಲ್ಲಿ ಸಣ್ಣ ಸಣ್ಣ ಹೊಲ. ಬೇಸಿಗೆಯಲ್ಲಿ ದನಗಳು ಮೇಲಿನ ಹುಲ್ಲುಗಾವಲಿಗೆ ಏರುತ್ತಿದ್ದವು. ಆ ಹುಲ್ಲುಗಾವಲಿಗೆ ಆಲ್ಪ್ ಅನ್ನುತ್ತಾರೆ. ಪರ್ವತಕ್ಕೆ ಆಲ್ಪ್ಸ್ ಅಂತ ನಾವು ಹೇಳುತ್ತೇವಲ್ಲ, ಅಲ್ಲಿನವರಿಗೆ ಆಲ್ಪ್ ಅಂದರೆ ಮೇಯಿಸುವ ಜಾಗ. ಬೇರೆ ಕಡೆ ಊರಿನ ಹಾಲೆಲ್ಲ ಒಟ್ಟುಗೂಡಿಸಿ ಒಬ್ಬ ಕೆಲಸಗಾರನಿಗೆ ಒಪ್ಪಿಸುತ್ತಿದ್ದರು. ಲೋಚೆನ್‌ಟಾಲ್‌ನಲ್ಲಿ ಪ್ರತಿ ಮನೆಯವರೂ ತಮ್ಮ ಹಾಲನ್ನು ತಾವೇ ಚೀಸ್ ಮಾಡುತ್ತಿದ್ದರು. ಮೇಲಿನ ಹಟ್ಟಿಯ ಈ ಕೆಲಸ ಹೆಚ್ಚಾಗಿ ಹೆಂಗಸರದು. ಗಂಡಸರು ಕೆಳಗೆ ಹುಲ್ಲು ಕೊಯ್ಯುತ್ತಿದ್ದರು.

ಮನೆಗಳು ಲಾರ್ಚ್ ಮರದವು. ಬಿಸಿಲಿಗೆ ಸುಟ್ಟು ಸುಟ್ಟು ಕಾಫಿ ಬೀಜದ ಬಣ್ಣಕ್ಕೆ ತಿರುಗಿದ್ದವು. ಕಣಜಗಳನ್ನು ಕಂಬಗಳ ಮೇಲೆ ಕಟ್ಟುತ್ತಿದ್ದರು. ಕಂಬ ಮತ್ತು ಕಣಜದ ನಡುವೆ ದೊಡ್ಡ ದುಂಡು ಕಲ್ಲಿನ ಚಪ್ಪಡಿ. ಇಲಿ ಕಂಬ ಹತ್ತಬಹುದು, ಆ ಚಪ್ಪಡಿ ದಾಟಲಾಗದು. ಎಷ್ಟು ಸರಳ ಉಪಾಯ ನೋಡಿ.

ಆಸ್ತಿ ಪಾಲಿನ ವಿಷಯ ನಮ್ಮವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ವಾಲೆಯಲ್ಲಿ ಅಪ್ಪನ ಆಸ್ತಿ ಎಲ್ಲ ಮಕ್ಕಳಿಗೂ ಹಂಚಿಕೆಯಾಗುತ್ತಿತ್ತು. ಹೊಲ ತುಂಡು ತುಂಡಾಗಿ ಪಟ್ಟಿಯ ಹಾಗಾಗುತ್ತಿತ್ತು. ಮನೆಯೂ ಅಷ್ಟೆ, ಕೆಳಗಿನ ಅಂತಸ್ತು ಒಬ್ಬರದು, ಮೇಲಿನದು ಇನ್ನೊಬ್ಬರದು. ಕಣಜದಲ್ಲೂ ಪಾಲು. ಹೀಗೆ ಒಬ್ಬರ ಗೋಡೆಗೆ ಇನ್ನೊಬ್ಬರು ಅಂಟಿಕೊಂಡೇ ಊರು ಬೆಳೆಯಿತು.

1930ರ ದಶಕದ ಆರಂಭದಲ್ಲಿ ವೆಸ್ಟನ್ ಪ್ರೈಸ್ ಎಂಬ ಅಮೆರಿಕದ ಹಲ್ಲಿನ ಡಾಕ್ಟರ್ ಈ ಕಣಿವೆಗೆ ಬಂದಿದ್ದರು. ರೈ ರೊಟ್ಟಿ, ಚೀಸ್, ಹಾಲು ತಿಂದು ಬೆಳೆದ ಇಲ್ಲಿನ ಮಕ್ಕಳ ಹಲ್ಲಿನಲ್ಲಿ ಹುಳುಕು ಎಷ್ಟು ಕಡಿಮೆ ಅಂತ ಅವರು ಬೆರಗಾದರು. ಹೊರಗಿನ ಸಕ್ಕರೆ ಆಗಿನ್ನೂ ಇಲ್ಲಿಗೆ ಅಷ್ಟಾಗಿ ತಲುಪಿರಲಿಲ್ಲ.

ಹೊರಗಿನ ಲೋಕದ ಸಂಪರ್ಕ ಯಾವಾಗ ಬಂತು?

1913ರಲ್ಲಿ. ಆ ವರ್ಷ ಲೋಚ್‌ಬರ್ಗ್ ರೈಲು ಸುರಂಗ ತೆರೆಯಿತು. ಉದ್ದ 14.6 ಕಿ.ಮೀ. ಅದರ ದಕ್ಷಿಣದ ಬಾಯಿ ಗೋಪನ್‌ಸ್ಟೈನ್, ಈ ಕಣಿವೆಯ ಬಾಗಿಲು. ಅದಕ್ಕೂ ಮೊದಲು ಚಳಿಗಾಲ ಬಂದರೆ ಹಿಮಕುಸಿತದ ಭಯಕ್ಕೆ ಕೆಳಗಿನ ಕಮರಿ ದಾಟುವವರಿರಲಿಲ್ಲ.

ಆ ಸುರಂಗಕ್ಕೆ ತೆತ್ತ ಬೆಲೆ ಸಣ್ಣದಲ್ಲ. 1908ರ ಫೆಬ್ರವರಿ 29ರಂದು ಗೋಪನ್‌ಸ್ಟೈನ್‌ನಲ್ಲಿ ಹಿಮ ಕುಸಿದು 12 ಜನ ಸತ್ತರು. ಅದೇ ಜುಲೈನಲ್ಲಿ ಉತ್ತರದ ಬದಿಯಲ್ಲಿ, ಗಾಸ್ಟರ್ನ್ ಕಣಿವೆಯ ಅಡಿಯಲ್ಲಿ ಅಗೆಯುವಾಗ ನೀರು, ಮರಳು ಒಳಗೆ ನುಗ್ಗಿ 25 ಕೆಲಸಗಾರರು ಹೂತುಹೋದರು. ಆ ಜಾಗವನ್ನು ಬಿಟ್ಟು ಸುರಂಗವನ್ನೇ ಬಾಗಿಸಿ ಮುಂದೆ ಕೊರೆದರು. ಈಗಲೂ ಆ ಸುರಂಗದಲ್ಲಿ ಹೋಗುವ ರೈಲು ಅಲ್ಲಿ ಬಳಸಿಕೊಂಡು ಹೋಗುತ್ತದೆ.

ಚೆಗ್ಗೆಟ್ಟೆ ಅಂದರೆ ಏನು?

ಲೋಚೆನ್‌ಟಾಲ್‌ನ ಹೆಸರು ಹೊರಗೆ ಗೊತ್ತಿದ್ದದ್ದೇ ಇದರಿಂದ. ಮರದಲ್ಲಿ ಕೆತ್ತಿದ ಭಯಂಕರ ಮುಖವಾಡ, ಮೈಮೇಲೆ ಮೇಕೆ ಅಥವಾ ಕುರಿಯ ತುಪ್ಪಳದ ಚರ್ಮ, ಸೊಂಟಕ್ಕೆ ದನದ ದೊಡ್ಡ ಗಂಟೆ. ಬಾಯಿ ಸೊಟ್ಟ, ಹಲ್ಲು ಹೊರಗೆ, ಕೆಲವಕ್ಕೆ ನಿಜವಾದ ದನದ ಹಲ್ಲೇ ಇರುತ್ತದೆ. ಫೆಬ್ರವರಿ 2ರ ಮೇಣದಬತ್ತಿ ಹಬ್ಬ ಮುಗಿದ ಮೇಲೆ, ಈಸ್ಟರ್‌ಗೆ ಮೊದಲಿನ ಉಪವಾಸ ಶುರುವಾಗುವವರೆಗೆ ಈ ವೇಷಧಾರಿಗಳು ಬೀದಿಗಿಳಿಯುತ್ತಾರೆ. ಎದುರು ಸಿಕ್ಕವರನ್ನು ಹಿಡಿದು ಹಿಮದಲ್ಲಿ ಹೊರಳಾಡಿಸುತ್ತಾರೆ, ಮಸಿ ಬಳಿಯುತ್ತಾರೆ. ಹಿಂದೆ ಮದುವೆಯಾಗದ ಹುಡುಗರಿಗೆ ಮಾತ್ರ ಈ ವೇಷ ಕಟ್ಟುವ ಹಕ್ಕಿತ್ತು. ಈಗ ಹಾಗೇನಿಲ್ಲ.

ಎಲ್ಲಿಂದ ಬಂತು ಅನ್ನುವುದಕ್ಕೆ ಹತ್ತು ಕಥೆ ಇವೆ. ಚಳಿಗಾಲದ ಭೂತಗಳನ್ನು ಓಡಿಸಲು ಅಂತ ಪ್ರವಾಸಿಗರಿಗೆ ಹೇಳುತ್ತಾರೆ. ಇನ್ನೊಂದು ಕಥೆಯಲ್ಲಿ, ಹೊಳೆಯ ನೆರಳಿನ ದಡದಲ್ಲಿದ್ದ ಕಳ್ಳರು ಹೀಗೆ ವೇಷ ಹಾಕಿ ಬಿಸಿಲು ದಡದ ಊರುಗಳನ್ನು ದೋಚುತ್ತಿದ್ದರು. ಚರ್ಚಿನ ಪಾದ್ರಿಗಳಿಗೆ ಈ ಪದ್ಧತಿ ಹಿಡಿಸುತ್ತಿರಲಿಲ್ಲ, ನಿಲ್ಲಿಸಲು ನೋಡಿದರು. ಆಗಲಿಲ್ಲ.

ನನಗೆ ಇದರಲ್ಲಿ ಬಹಳ ಇಷ್ಟವಾಗುವುದು ಉಪವಾಸಕ್ಕೆ ಮೊದಲಿನ ಗುರುವಾರದ ರಾತ್ರಿಯ ಓಟ. ವೇಷಗಳ ಗುಂಪು ಬ್ಲಾಟನ್‌ನಿಂದ ಹೊರಟು ಒಂದೊಂದೇ ಊರು ದಾಟುತ್ತಾ ಫೆರ್ಡನ್‌ವರೆಗೆ ಇಳಿಯುವುದು ರೂಢಿಯಾಗಿತ್ತು. ಕತ್ತಲಲ್ಲಿ ಮೊದಲು ಗಂಟೆಯ ಸದ್ದು ಬರುತ್ತದೆ, ಆಮೇಲೆ ಮುಖ. ಕಣಿವೆಯ ತುದಿಯ ಊರಿಗೆ ಮೊದಲ ಹೆಜ್ಜೆಯ ಮರ್ಯಾದೆ ಇತ್ತು.

ಅಲ್ಲಿಯವರು ಮಾತಾಡುವ ಭಾಷೆ ಜರ್ಮನ್ನೇನಾ?

ಜರ್ಮನ್ನೇ, ಆದರೆ ಬರ್ಲಿನ್‌ನವರಿಗೆ ಅರ್ಥವಾಗುವುದು ಕಷ್ಟ. ಜೂರಿಕ್‌ನವರೂ ತಡವರಿಸುತ್ತಾರೆ. ಮೇಲಿನ ವಾಲೆಯ ಮಾತಿನಲ್ಲಿ ಬೇರೆ ಕಡೆ ಸವೆದುಹೋದ ಹಳೆಯ ಸ್ವರಗಳು ಇನ್ನೂ ಉಳಿದಿವೆ. ಪದದ ಕೊನೆಯಲ್ಲಿ ಆ, ಉ, ಇ ಎಲ್ಲ ಪೂರ್ತಿ ಕೇಳಿಸುತ್ತವೆ.

2025ರಲ್ಲಿ ನಿಜವಾಗಿ ಆಗಿದ್ದೇನು?

ಊರಿನ ಮೇಲ್ಭಾಗದಲ್ಲಿ ಕ್ಲೈನೆಸ್ ನೆಸ್ಟ್‌ಹಾರ್ನ್ ಎಂಬ ಶಿಖರವಿದೆ. ಎತ್ತರ 3,300 ಮೀಟರ್‌ಗೂ ಜಾಸ್ತಿ. ಅದರ ಕೆಳಗೆ ಬಿರ್ಖ್ ಹಿಮನದಿ ತೂಗುಹಾಕಿದ ಹಾಗೆ ಇತ್ತು. ಮೇ ತಿಂಗಳ ಮಧ್ಯದಲ್ಲಿ ಶಿಖರ ಒಡೆಯತೊಡಗಿತು. ದಿನಗಟ್ಟಲೆ ಬಂಡೆ ಬಿದ್ದಿದ್ದು ಹಿಮನದಿಯ ಬೆನ್ನ ಮೇಲೆ. ಲಕ್ಷಗಟ್ಟಲೆ ಟನ್ ಕಲ್ಲು ಅಲ್ಲಿ ರಾಶಿಯಾಯಿತು. ಆ ಭಾರಕ್ಕೆ ಹಿಮನದಿ ಕೆಳಕ್ಕೆ ಜಾರತೊಡಗಿತು. ಮೊದಲು ನಿಧಾನ, ಆಮೇಲೆ ದಿನಕ್ಕೆ ಹಲವು ಮೀಟರ್.

ಮೇ 28ರ ಮಧ್ಯಾಹ್ನ ಮೂರೂವರೆಗೆ ಸ್ವಲ್ಪ ಮೊದಲು ಇಡೀ ಹಿಮನದಿ ಕಿತ್ತುಕೊಂಡು ಬಂತು. ಭೂಕಂಪ ಅಳೆಯುವ ಯಂತ್ರಗಳು ಆ ಹೊಡೆತವನ್ನು 3.1 ತೀವ್ರತೆಯ ನಡುಕದಷ್ಟು ಅಂತ ದಾಖಲಿಸಿದವು. ಮಂಜುಗಡ್ಡೆ, ಬಂಡೆ, ಕೆಸರು ಸೇರಿ ಸುಮಾರು 90 ಲಕ್ಷ ಘನ ಮೀಟರ್ ಕಣಿವೆಯ ತಳಕ್ಕೆ ಅಪ್ಪಳಿಸಿತು. ಎದುರಿನ ಇಳಿಜಾರಿನ ಮೇಲೂ ಏರಿತು. ಊರಿನ ಶೇ 90ರಷ್ಟು ಭಾಗ ಅದರಡಿ ಸೇರಿತು. ಚರ್ಚು, ಅಂಗಡಿ, ಹೋಟೆಲ್, ತಲೆಮಾರುಗಳಿಂದ ಬಂದ ಆ ಕಪ್ಪು ಮರದ ಮನೆಗಳು ಎಲ್ಲವೂ.

ಅಲ್ಲಿಗೆ ಮುಗಿಯಲಿಲ್ಲ. ಬಿದ್ದ ರಾಶಿ ಲೋನ್ಜಾ ಹೊಳೆಗೆ ಅಣೆಕಟ್ಟಾಯಿತು. ಹಿಂದೆ ನೀರು ತುಂಬಿ ಕೆರೆಯಾಯಿತು. ಕುಸಿತದಿಂದ ಪಾರಾಗಿದ್ದ ಮನೆಗಳು ಒಂದೊಂದಾಗಿ ನೀರಲ್ಲಿ ಮುಳುಗಿದವು. ಮಣ್ಣಿಗೆ ಸಿಗದ ತನ್ನ ಮನೆ ಮರುದಿನ ನೀರಿಗೆ ಹೋಗುವುದನ್ನು ದೂರದಿಂದ ನೋಡುತ್ತಾ ನಿಲ್ಲುವುದು ಹೇಗಿರಬಹುದು, ಯೋಚಿಸಿ. ಆ ನೀರು ಒಮ್ಮೆಲೇ ಒಡೆದು ನುಗ್ಗಿದರೆ ಕೆಳಗಿನ ಊರುಗಳ ಗತಿ ಏನು ಅನ್ನುವ ಆತಂಕ ಬೇರೆ. ಫೆರ್ಡನ್‌ನಲ್ಲಿರುವ ವಿದ್ಯುತ್ ಜಲಾಶಯವನ್ನು ಮುಂಚಿತವಾಗಿ ಖಾಲಿ ಮಾಡಿಟ್ಟಿದ್ದರು, ಕೆಸರು ಬಂದರೆ ಅಲ್ಲಿ ನಿಲ್ಲಲಿ ಅಂತ. ಅದೃಷ್ಟಕ್ಕೆ ನೀರು ತಾನೇ ರಾಶಿಯ ಮೇಲೆ ದಾರಿ ಕೊರೆದುಕೊಂಡು ನಿಧಾನವಾಗಿ ಇಳಿಯಿತು.

ಜನರಿಗೆ ಏನಾಯಿತು?

ಊರಲ್ಲಿ ಸುಮಾರು 300 ಜನ ಇದ್ದರು. ಮೇ 17ರಂದು ಒಂದು ಭಾಗದವರನ್ನು, ಮೇ 19ರಂದು ಇಡೀ ಊರನ್ನು ಖಾಲಿ ಮಾಡಿಸಿದ್ದರು. ಅಂದರೆ ಕುಸಿತಕ್ಕೆ ಒಂಬತ್ತು ದಿನ ಮೊದಲೇ. ಕೆಲವೇ ದಿನದಲ್ಲಿ ವಾಪಸ್ ಬರುತ್ತೇವೆ ಅಂತ ಬಹಳ ಜನ ಒಂದು ಚೀಲದಲ್ಲಿ ಅಗತ್ಯದ ಸಾಮಾನಷ್ಟೇ ಹಿಡಿದು ಹೊರಟಿದ್ದರು. ದನ, ಕುರಿಗಳನ್ನೂ ಸಾಗಿಸಿದರು. ಕಾಲಿಗೆ ಪೆಟ್ಟಾಗಿ ನಡೆಯಲಾಗದ ಒಂದು ಹಸುವನ್ನು ಹೆಲಿಕಾಪ್ಟರಿಗೆ ತೂಗುಹಾಕಿ ಸಾಗಿಸಿದ ಚಿತ್ರ ಲೋಕವೆಲ್ಲ ಸುತ್ತಿತು.

ಒಂದು ಜೀವ ಮಾತ್ರ ಹೋಯಿತು. ಖಾಲಿ ಮಾಡಿಸಿದ ಗಡಿಯ ಆಚೆ ಇದ್ದ 64 ವರ್ಷದ ಸ್ಥಳೀಯರೊಬ್ಬರು ಕಾಣೆಯಾದರು. ಕೆಲವು ವಾರಗಳ ಹುಡುಕಾಟದ ನಂತರ ಅವರ ಅವಶೇಷ ಸಿಕ್ಕಿತು. ಒಬ್ಬರೇ ಅಂತ ಲೆಕ್ಕದಲ್ಲಿ ಹೇಳುವುದು ಸುಲಭ. 300 ಜನರ ಊರಿನಲ್ಲಿ ಆ ಒಬ್ಬರು ಎಲ್ಲರಿಗೂ ಗೊತ್ತಿದ್ದವರು.

ಇಷ್ಟು ಮುಂಚೆ ಹೇಗೆ ಗೊತ್ತಾಯಿತು?

ಯಂತ್ರಗಳಿಂದ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಯಂತ್ರಗಳೂ ಇದ್ದವು. ರೇಡಾರ್, ಕ್ಯಾಮೆರಾ, ಹೆಲಿಕಾಪ್ಟರ್ ಹಾರಾಟ ಎಲ್ಲ. ಈ ಹಿಮನದಿ ಹಿಂದೆಯೂ ತುಂಡು ತುಂಡಾಗಿ ಕುಸಿದು ಹೆದರಿಸಿತ್ತು, ಹಾಗಾಗಿ ವರ್ಷಗಳಿಂದ ಅದರ ಮೇಲೆ ಕಣ್ಣಿಟ್ಟಿದ್ದರು. ಆಲ್ಪ್ಸ್‌ನ ಉಳಿದ ಹಿಮನದಿಗಳೆಲ್ಲ ಹಿಂದೆ ಸರಿಯುತ್ತಿದ್ದರೆ ಇದು ಮುಂದಕ್ಕೆ ಬರುತ್ತಿತ್ತು. ಅದೇ ಒಂದು ಎಚ್ಚರಿಕೆಯ ಗಂಟೆ.

ಆದರೆ ವಾಲೆಯ ಪಂಚಾಯಿತಿಗಳಲ್ಲಿ ಹಿಮ, ಬಂಡೆ, ಹೊಳೆಯನ್ನು ಗಮನಿಸುವ ಸ್ಥಳೀಯ ವೀಕ್ಷಕರು ಇರುತ್ತಾರೆ. ಇವರು ಊರಿನವರೇ, ತರಬೇತಿ ಪಡೆದವರು. ಬೆಟ್ಟದ ಮುಖ ಬದಲಾದರೆ ಇವರಿಗೆ ತಿಳಿಯುತ್ತದೆ. ನಿನ್ನೆ ಇಲ್ಲದ ಬಿರುಕು, ಹೊತ್ತಲ್ಲದ ಹೊತ್ತಲ್ಲಿ ಬೀಳುವ ಕಲ್ಲು, ಹಳ್ಳದ ನೀರಿನ ಬಣ್ಣ. ಅವರ ಮಾತಿಗೆ ಕ್ಯಾಂಟನ್‌ನ ಭೂವಿಜ್ಞಾನಿಗಳು ತಕ್ಷಣ ಬೆಲೆ ಕೊಟ್ಟರು, ಪಂಚಾಯಿತಿ ತಡಮಾಡದೆ ಊರು ಬಿಡಿ ಅಂದಿತು, ಜನ ಎದ್ದು ಹೊರಟರು. ಈ ಸರಪಳಿಯಲ್ಲಿ ಒಂದು ಕೊಂಡಿ ಸಡಿಲವಾಗಿದ್ದರೂ ಇವತ್ತು ನಾವು ಬೇರೆಯೇ ಸಂಖ್ಯೆ ಬರೆಯಬೇಕಾಗುತ್ತಿತ್ತು.

ಭೂಮಿ ಬಿಸಿಯಾಗುತ್ತಿರುವುದೇ ಕಾರಣನಾ?

ಒಂದೇ ಕಾರಣ ಅಂತ ಹೇಳಿದರೆ ತಪ್ಪಾಗುತ್ತದೆ. ಅಲ್ಲಿನ ಬಂಡೆ ಮೊದಲೇ ಒಡಕಿನದು, ಇಳಿಜಾರು ಕಡಿದಾದದ್ದು. ಹಾಗಂತ ಸಂಬಂಧವೇ ಇಲ್ಲ ಅನ್ನುವುದೂ ಸರಿಯಲ್ಲ. ಅಷ್ಟು ಎತ್ತರದಲ್ಲಿ ಬಂಡೆಯ ಬಿರುಕುಗಳೊಳಗೆ ವರ್ಷವಿಡೀ ಮಂಜುಗಡ್ಡೆ ಇರುತ್ತದೆ. ಅದು ಗಾರೆಯ ಹಾಗೆ ಬೆಟ್ಟವನ್ನು ಹಿಡಿದಿಡುತ್ತದೆ. ಬಿಸಿ ಏರಿದಂತೆ ಆ ಗಾರೆ ಸಡಿಲವಾಗುತ್ತದೆ. ಆಲ್ಪ್ಸ್‌ನಲ್ಲಿ ತಾಪ ಏರುತ್ತಿರುವ ವೇಗ ಜಗತ್ತಿನ ಸರಾಸರಿಗಿಂತ ಜಾಸ್ತಿ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು.

ಸ್ವಿಟ್ಜರ್‌ಲ್ಯಾಂಡಿನಲ್ಲಿ ಹೀಗೆ ಮೊದಲು ಆಗಿತ್ತಾ?

ಆಗಿದೆ. 1806ರ ಸೆಪ್ಟೆಂಬರ್ 2ರಂದು ಗೋಲ್ಡಾವ್ ಊರಿನ ಮೇಲೆ ಬೆಟ್ಟ ಬಿದ್ದು 457 ಜನ ಸತ್ತರು. 1881ರಲ್ಲಿ ಗ್ಲಾರುಸ್ ಕ್ಯಾಂಟನ್‌ನ ಎಲ್ಮ್‌ನಲ್ಲಿ ಸ್ಲೇಟು ಕಲ್ಲಿನ ಗಣಿ ಬೆಟ್ಟವನ್ನೇ ಟೊಳ್ಳು ಮಾಡಿತ್ತು. ಅದು ಕುಸಿದು ನೂರಕ್ಕೂ ಜಾಸ್ತಿ ಜನ ಹೋದರು. 2000ನೇ ಇಸವಿಯಲ್ಲಿ ವಾಲೆಯದೇ ಗೊಂಡೋ ಎಂಬ ಗಡಿ ಊರಿನಲ್ಲಿ 13 ಜನ. ಗೊಂಡೋವನ್ನು ಮತ್ತೆ ಕಟ್ಟಿದರು. ಗೋಲ್ಡಾವ್ ಅಂತೂ ಆ ರಾಶಿಯ ಮೇಲೆಯೇ ಮತ್ತೆ ಬೆಳೆಯಿತು. ಅಂದು ಬಿದ್ದ ಬಂಡೆಗಳ ನಡುವೆ ಇಂದು ದೊಡ್ಡ ಪ್ರಾಣಿ ಉದ್ಯಾನವಿದೆ.

ಊರೇ ಇಲ್ಲದ ಮೇಲೆ ಪಂಚಾಯಿತಿ ಹೇಗೆ ಇದೆ?

ಈ ಪ್ರಶ್ನೆ ನನಗೆ ತುಂಬಾ ಇಷ್ಟ. ಸ್ವಿಟ್ಜರ್‌ಲ್ಯಾಂಡ್ ಅರ್ಥವಾಗಬೇಕಾದರೆ ಇಲ್ಲಿಂದಲೇ ಶುರು ಮಾಡಬೇಕು.

ಆ ದೇಶದಲ್ಲಿ 2,100ಕ್ಕೂ ಜಾಸ್ತಿ ಪಂಚಾಯಿತಿಗಳಿವೆ. ಗೆಮೈಂಡೆ ಅಂತ ಹೆಸರು. ದೊಡ್ಡ ನಗರ ಜೂರಿಕ್ ಕೂಡ ಒಂದು ಗೆಮೈಂಡೆ, 300 ಜನರ ಬ್ಲಾಟನ್ ಕೂಡ ಒಂದು ಗೆಮೈಂಡೆ. ಕಾನೂನಿನ ಕಣ್ಣಲ್ಲಿ ಇಬ್ಬರೂ ಒಂದೇ ಸಾಲಿನವರು. ಆದಾಯ ತೆರಿಗೆ ಮೂರು ಕಡೆಗೆ ಹೋಗುತ್ತದೆ: ಒಕ್ಕೂಟಕ್ಕೆ, ಕ್ಯಾಂಟನ್‌ಗೆ, ಪಂಚಾಯಿತಿಗೆ. ಕುಡಿಯುವ ನೀರು, ಒಳದಾರಿ, ಕಟ್ಟಡ ನಿಯಮ ಪಂಚಾಯಿತಿಯ ಕೈಯಲ್ಲಿ. ಹೊರದೇಶದವರು ಸ್ವಿಸ್ ಪೌರರಾಗಬೇಕಾದರೂ ಮೊದಲು ಒಂದು ಪಂಚಾಯಿತಿ ಅವರನ್ನು ಒಪ್ಪಬೇಕು.

ಇನ್ನೊಂದು ಸಂಗತಿ. ಸ್ವಿಸ್ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಬರೆಯುವುದಿಲ್ಲ, ಮೂಲ ಊರು ಬರೆಯುತ್ತಾರೆ. ಅಂದರೆ ಮನೆತನ ಯಾವ ಪಂಚಾಯಿತಿಗೆ ಸೇರಿದ್ದು ಅಂತ. ಮೂರು ತಲೆಮಾರಿನಿಂದ ಬೇರೆಲ್ಲೋ ಇದ್ದರೂ ಆ ಹೆಸರು ಹಾಗೇ ಇರುತ್ತದೆ. ಬ್ಲಾಟನ್ ಮೂಲದವರು ದೇಶದ ಯಾವ ಮೂಲೆಯಲ್ಲಿದ್ದರೂ ಅವರ ಪಾಸ್‌ಪೋರ್ಟಿನಲ್ಲಿ ಇವತ್ತಿಗೂ ಬ್ಲಾಟನ್ ಅಂತಲೇ ಇದೆ. ನಮ್ಮ ಹೆಸರಿನ ಮುಂದೆ ಊರಿನ ಇನಿಷಿಯಲ್ ಇರುತ್ತದಲ್ಲ, ಆ ಭಾವನೆಗೆ ಹತ್ತಿರದ್ದು.

ವಾಲೆಯಲ್ಲಿ ಮತದಾರರೆಲ್ಲ ಸೇರುವ ಸಭೆಗೆ ಊರ್‌ಫರ್ಜಾಮ್‌ಲುಂಗ್ ಅನ್ನುತ್ತಾರೆ. ಬಜೆಟ್ಟು, ಲೆಕ್ಕಪತ್ರ ಎಲ್ಲ ಅಲ್ಲಿ ಕೈ ಎತ್ತಿ ಒಪ್ಪಬೇಕು. ಇಷ್ಟು ಚಿಕ್ಕ ಊರಿನಲ್ಲಿ ಪಂಚಾಯಿತಿ ಸದಸ್ಯರಿಗೆ ಅದು ಪೂರ್ತಿ ಹೊತ್ತಿನ ಉದ್ಯೋಗವಲ್ಲ. ಹಗಲು ತಮ್ಮ ಕೆಲಸ, ಸಂಜೆ ಊರಿನ ಕೆಲಸ.

ಹಾಗಾಗಿ ಬ್ಲಾಟನ್‌ನ ಮನೆಗಳು ಹೋದರೂ ಬ್ಲಾಟನ್ ಹೋಗಲಿಲ್ಲ. ಮತದಾರರ ಪಟ್ಟಿ ಇದೆ, ಸಭೆ ಇದೆ, ಅಧ್ಯಕ್ಷರಿದ್ದಾರೆ. ಅಧ್ಯಕ್ಷ ಮಥಿಯಾಸ್ ಬೆಲ್‌ವಾಲ್ಡ್ ಕುಸಿತದ ದಿನವೇ ಕ್ಯಾಮೆರಾದ ಮುಂದೆ ನಿಂತು, ಊರು ಕಳೆದುಕೊಂಡಿದ್ದೇವೆ, ಎದೆ ಕಳೆದುಕೊಂಡಿಲ್ಲ ಅನ್ನುವ ಅರ್ಥದ ಮಾತಾಡಿದರು. ಅವರ ದನಿ ಗದ್ಗದವಾಗಿತ್ತು. ಕಚೇರಿ ಪಕ್ಕದ ಊರಿಗೆ ಸ್ಥಳಾಂತರವಾಗಿ ಕೆಲಸ ಮುಂದುವರಿಸಿತು. ಜಾಗ ಇಲ್ಲದೆ ಇಡೀ ಪಂಚಾಯಿತಿ ಹೀಗೆ ನಡೆಯುವುದನ್ನು ನೋಡಿದಾಗ ನನಗೆ ನಿಜಕ್ಕೂ ಗೌರವ ಬರುತ್ತದೆ.

ಎಲ್ಲವೂ ಹೋಯಿತಾ, ಏನಾದರೂ ಉಳಿದಿದೆಯಾ?

ಪಂಚಾಯಿತಿಯ ವಿಸ್ತೀರ್ಣ ಸುಮಾರು 90 ಚದರ ಕಿ.ಮೀ. ಅದರಲ್ಲಿ ಹೆಚ್ಚಿನ ಪಾಲು ಬಂಡೆ, ಹಿಮ. ಜನವಸತಿ ಮುಖ್ಯ ಊರಿನ ಜೊತೆ ಕೆಲವು ಹಳ್ಳಿಗಳಲ್ಲಿ ಹರಡಿತ್ತು. ಬಿಸಿಲಿನ ಇಳಿಜಾರಿನ ಮೇಲೆ ಎತ್ತರದಲ್ಲಿದ್ದ ವೈಸೆನ್‌ರೀಡ್ ಉಳಿದಿದೆ. ಐಸ್ಟನ್ ಉಳಿದಿದೆ. ಕಣಿವೆಯ ಮೇಲ್ತುದಿಯ ಫಾಫ್ಲರ್‌ಆಲ್ಪ್ ಉಳಿದಿದೆ, ಆದರೆ ಅದಕ್ಕೆ ಹೋಗುವ ದಾರಿ ರಾಶಿಯಡಿ ಹೋಯಿತು. ರೀಡ್ ಹಳ್ಳಿ ಮಾತ್ರ ಊರಿನ ಜೊತೆ ಹೋಯಿತು. 19ನೇ ಶತಮಾನದಲ್ಲಿ ಬೀಚ್‌ಹಾರ್ನ್ ಶಿಖರ ಏರಲು ಬರುತ್ತಿದ್ದ ಇಂಗ್ಲಿಷರು ಉಳಿದುಕೊಳ್ಳುತ್ತಿದ್ದ ಹಳೆಯ ಹೋಟೆಲ್ ಇದ್ದದ್ದು ಅಲ್ಲೇ. 3,934 ಮೀಟರ್ ಎತ್ತರದ ಆ ಶಿಖರವನ್ನು ಮೊದಲು ಏರಿದ್ದು 1859ರಲ್ಲಿ, ಇಂಗ್ಲೆಂಡಿನ ಲೇಖಕ ಲೆಸ್ಲಿ ಸ್ಟೀಫನ್ ಮತ್ತು ಅವರ ಮಾರ್ಗದರ್ಶಕರು.

ನಷ್ಟದ ದುಡ್ಡು ಯಾರು ಕೊಡುತ್ತಾರೆ?

ಮುಖ್ಯವಾಗಿ ವಿಮೆ. ಸ್ವಿಟ್ಜರ್‌ಲ್ಯಾಂಡಿನ ಬಹುತೇಕ ಕ್ಯಾಂಟನ್‌ಗಳಲ್ಲಿ ಕಟ್ಟಡಗಳಿಗೆ ಸರ್ಕಾರಿ ವಿಮಾ ಸಂಸ್ಥೆ ಇದೆ. ವಾಲೆ ಸೇರಿ ಏಳು ಕಡೆ ಅದಿಲ್ಲ, ಖಾಸಗಿ ಕಂಪನಿಗಳೇ ವಿಮೆ ಮಾಡುತ್ತವೆ. ಆದರೆ ಬೆಂಕಿ ವಿಮೆ ಮಾಡಿಸಿದರೆ ಅದರ ಜೊತೆಯಲ್ಲೇ ನೆರೆ, ಹಿಮಕುಸಿತ, ಬಂಡೆ ಕುಸಿತದ ರಕ್ಷಣೆಯೂ ಸೇರಿಬರಬೇಕು ಅಂತ ಕಾನೂನಿದೆ. ಭೂಕಂಪ ಅದರಲ್ಲಿ ಸೇರುವುದಿಲ್ಲ. ಬ್ಲಾಟನ್‌ನಲ್ಲಿ ಆಗಿದ್ದು ಬಂಡೆ ಮತ್ತು ಹಿಮದ ಕುಸಿತ, ಹಾಗಾಗಿ ವಿಮೆ ಅನ್ವಯಿಸಿತು. ಒಕ್ಕೂಟ ಸರ್ಕಾರ ತಕ್ಷಣದ ನೆರವಾಗಿ 50 ಲಕ್ಷ ಫ್ರಾಂಕ್ ಕೊಟ್ಟಿತು. ದೇಶದ ಬೇರೆ ಪಂಚಾಯಿತಿಗಳು, ಕ್ಯಾಂಟನ್‌ಗಳು, ಸಾಮಾನ್ಯ ಜನ ಕೊಟ್ಟ ದೇಣಿಗೆ ಇನ್ನೂ ಜಾಸ್ತಿ.

ಮನೆಯ ಬೆಲೆ ಕಟ್ಟಬಹುದು. ಅಜ್ಜಿಯ ಫೋಟೋಗೆ, ತಾತ ಕೆತ್ತಿದ ಮುಖವಾಡಕ್ಕೆ ಯಾವ ಕಂಪನಿಯೂ ಬೆಲೆ ಕಟ್ಟಲಾರದು. ಕುಸಿತದ ನಂತರ ಕೆಸರಲ್ಲಿ, ತೇಲಿಬಂದ ಮರದ ನಡುವೆ ಇಂಥ ವಸ್ತುಗಳನ್ನು ಹುಡುಕಿ ತೆಗೆಯುವ ಕೆಲಸವೂ ನಡೆಯಿತು.

ಮತ್ತೆ ಅಲ್ಲೇ ಕಟ್ಟುವುದು ಸರೀನಾ?

ಸ್ವಿಟ್ಜರ್‌ಲ್ಯಾಂಡಿನಲ್ಲೇ ಇದರ ಬಗ್ಗೆ ಜೋರು ಚರ್ಚೆ ಆಯಿತು. ಬೆಟ್ಟದ ಇಂಥ ಕಣಿವೆಗಳನ್ನು ಎಷ್ಟು ಕಾಲ ಕಾಪಾಡುವುದು, 300 ಜನರಿಗಾಗಿ ಇಷ್ಟು ಕೋಟಿ ಸುರಿಯಬೇಕಾ ಅಂತ ನಗರದ ಕೆಲವರು ಕೇಳಿದರು. ಕೇಳುವ ಹಕ್ಕು ಅವರಿಗಿದೆ, ತೆರಿಗೆ ಅವರೂ ಕಟ್ಟುತ್ತಾರೆ.

ಆದರೆ ನಾನು ಊರಿನವರ ಕಡೆ. ಯಾಕೆಂದರೆ ಈ ಜನ ಅಲ್ಲಿ ಇದ್ದದ್ದರಿಂದಲೇ ಹುಲ್ಲುಗಾವಲು ಉಳಿದಿತ್ತು, ಕಾಡಿನ ದಾರಿ ಉಳಿದಿತ್ತು, ಬೆಟ್ಟವನ್ನು ದಿನಾ ನೋಡುವ ಕಣ್ಣು ಉಳಿದಿತ್ತು. ಜನ ಕೆಳಗಿಳಿದು ಬಿಟ್ಟರೆ ಹತ್ತಿಪ್ಪತ್ತು ವರ್ಷದಲ್ಲಿ ಹುಲ್ಲುಗಾವಲು ಪೊದೆಯಾಗುತ್ತದೆ. ಮೂಲೆಯ ಒಂದು ಊರು ಖಾಲಿಯಾದರೆ ಕೆಳಗಿನ ಮೂರು ಊರುಗಳ ಶಾಲೆ, ಬಸ್ಸು, ಅಂಗಡಿ ಎಲ್ಲದರ ಲೆಕ್ಕ ತಪ್ಪುತ್ತದೆ. ಇಡೀ ಕಣಿವೆಯಲ್ಲಿ ಇರುವುದೇ ಸುಮಾರು 1,500 ಜನ.

ಪಂಚಾಯಿತಿ ಇಟ್ಟುಕೊಂಡಿರುವ ಗುರಿ 2030. ಮೊದಲು ಉಳಿದ ಹಳ್ಳಿಗಳಿಗೆ ದಾರಿ, ನೀರು, ಕರೆಂಟು. ಆಮೇಲೆ ಹೊಸ ಊರು. ಅಪಾಯದ ನಕ್ಷೆ ಹೊಸದಾಗಿ ಬರೆದು, ಎಲ್ಲಿ ಕಟ್ಟಬಹುದು ಎಲ್ಲಿ ಬಾರದು ಅಂತ ಗುರುತಿಸಬೇಕು. ಹಳೆಯ ಪಾಲುಪಟ್ಟಿಯ ಪ್ರಕಾರ ತುಂಡು ತುಂಡಾಗಿದ್ದ ಜಮೀನಿನ ಗಡಿಗಳು ಈಗ ಹತ್ತಾರು ಮೀಟರ್ ಮಣ್ಣಿನ ಕೆಳಗಿವೆ. ಅದನ್ನು ಬಗೆಹರಿಸುವುದು ಮನೆ ಕಟ್ಟುವುದಕ್ಕಿಂತ ಕಷ್ಟದ ಕೆಲಸ ಇರಬಹುದು.

ಅಲ್ಲಿಯವರು ಜೀವನಕ್ಕೆ ಏನು ಮಾಡುತ್ತಾರೆ?

ಬೇಸಾಯದಿಂದಷ್ಟೇ ಬದುಕುವವರು ಕಡಿಮೆ. ಪ್ರವಾಸೋದ್ಯಮ, ಮರಗೆಲಸ, ಕಟ್ಟಡ ಕೆಲಸ. ದಿನಾ ಕೆಳಗಿನ ರೋನ್ ಕಣಿವೆಯ ಫಿಸ್ಪ್, ಬ್ರಿಗ್ ಪಟ್ಟಣಗಳಿಗೆ ಕೆಲಸಕ್ಕೆ ಹೋಗಿ ಬರುವವರು ಬಹಳ.

ಒಂದು ಸ್ವಾರಸ್ಯದ ಸಂಗತಿ. ಔಷಧ ತಯಾರಿಸುವ ಲೋನ್ಜಾ ಎಂಬ ದೊಡ್ಡ ಕಂಪನಿಯ ಹೆಸರು ಕೇಳಿರಬಹುದು. ಕೊರೋನಾ ಕಾಲದಲ್ಲಿ ಮೊಡೆರ್ನಾ ಲಸಿಕೆಯ ಮೂಲ ಪದಾರ್ಥ ಫಿಸ್ಪ್‌ನ ಅದರ ಕಾರ್ಖಾನೆಯಲ್ಲಿ ತಯಾರಾಗಿತ್ತು. ಆ ಕಂಪನಿ ಶುರುವಾಗಿದ್ದು 1897ರಲ್ಲಿ, ಈ ಕಣಿವೆಯ ಬಾಯಲ್ಲಿರುವ ಗಾಂಪೆಲ್ ಊರಿನಲ್ಲಿ, ಲೋನ್ಜಾ ಹೊಳೆಯ ನೀರಿನಿಂದ ಕರೆಂಟು ತೆಗೆಯಲು. ಹೆಸರು ಹೊಳೆಯದ್ದೇ. ಬ್ಲಾಟನ್‌ನ ಮೇಲಿನ ಲಾಂಗ್ ಹಿಮನದಿಯಿಂದ ಹುಟ್ಟುವ ಹೊಳೆ ಅದು.

ಈಗ ಅಲ್ಲಿಗೆ ಹೋಗಬಹುದಾ?

ಕಣಿವೆಗೆ ಖಂಡಿತ ಹೋಗಬಹುದು, ಹೋಗಿ. ಬರ್ನ್‌ನಿಂದ ಸ್ಪೀಟ್ಸ್, ಕಾಂಡರ್‌ಸ್ಟೆಗ್ ಮೂಲಕ ಹಳೆಯ ಬೆಟ್ಟದ ಹಾದಿಯ ರೈಲು ಹಿಡಿಯಿರಿ. 2007ರಲ್ಲಿ ತೆರೆದ 34.6 ಕಿ.ಮೀ. ಉದ್ದದ ಹೊಸ ಸುರಂಗದ ರೈಲು ಹತ್ತಿದರೆ ನೇರ ಫಿಸ್ಪ್‌ಗೆ ಹೋಗಿಬಿಡುತ್ತೀರಿ, ಗೋಪನ್‌ಸ್ಟೈನ್ ಸಿಗುವುದಿಲ್ಲ. ಗೋಪನ್‌ಸ್ಟೈನ್‌ನಲ್ಲಿ ಇಳಿದರೆ ಹಳದಿ ಪೋಸ್ಟ್ ಬಸ್ ಇದೆ.

ಕಿಪ್ಪೆಲ್‌ನಲ್ಲಿ ಕಣಿವೆಯ ಮ್ಯೂಸಿಯಂ ಇದೆ. ಮುಖವಾಡಗಳು ಅಲ್ಲಿ ನೋಡಲು ಸಿಗುತ್ತವೆ. ವೀಲರ್‌ನಿಂದ ಲೌಖರ್ನ್‌ಆಲ್ಪ್‌ಗೆ ಕೇಬಲ್ ಕಾರ್ ಇದೆ, ಚಳಿಗಾಲದಲ್ಲಿ ಸ್ಕೀಯಿಂಗ್, ಬೇಸಿಗೆಯಲ್ಲಿ ನಡಿಗೆ. ಮೇಲೆ ನಿಂತರೆ ಎದುರಿಗೆ ಬೀಚ್‌ಹಾರ್ನ್.

ಬಿದ್ದ ರಾಶಿಯ ಹತ್ತಿರ ಫೋಟೋಗಾಗಿ ಹೋಗಬೇಡಿ. ಅಲ್ಲಿ ಇನ್ನೂ ಅಪಾಯವಿದೆ, ಕೆಲಸ ನಡೆಯುತ್ತಿದೆ, ಯಾವ ದಾರಿ ತೆರೆದಿದೆ ಅನ್ನುವುದು ಬದಲಾಗುತ್ತಿರುತ್ತದೆ. ಹೊರಡುವ ಮೊದಲು ಕಣಿವೆಯ ಪ್ರವಾಸಿ ಕಚೇರಿಯಲ್ಲಿ ಕೇಳಿಕೊಳ್ಳಿ. ಬೆಳಿಗ್ಗೆ ಬಂದು ಸಂಜೆ ಹೊರಡುವ ಬದಲು ಒಂದು ರಾತ್ರಿ ಕಣಿವೆಯಲ್ಲೇ ಉಳಿಯಿರಿ. ರೈ ರೊಟ್ಟಿ, ಚೀಸ್ ಅಲ್ಲಿನ ಅಂಗಡಿಯಲ್ಲೇ ಕೊಳ್ಳಿ. ಪಕ್ಕದಲ್ಲಿ ಕೂತವರು ಬ್ಲಾಟನ್‌ನವರೇ ಆಗಿರಬಹುದು. ಅವರಾಗಿ ಮಾತು ತೆಗೆದರೆ ಕೇಳಿಸಿಕೊಳ್ಳಿ.